ಸೋಮವಾರ ಶುರು ಮಾಡಿದ ಇಂಟರ್ನೆಟ್ಟು

ಮಲೇಷ್ಯಾಕ್ಕೆ ಹೋಗುವುದು ಖಚಿತವಾದ ದಿನದಿಂದ ನನ್ನ ತಲೆ ತಿಂದದ್ದು ಪಾಸ್‌ಪೋರ್ಟೂ ಅಲ್ಲ, ವಿಮಾನವೂ ಅಲ್ಲ, ಈ ಹಾಳು ಇಂಟರ್ನೆಟ್ಟು. ಐದೇ ದಿನದ ಪ್ರಯಾಣ. ಕೌಲಾಲಂಪುರದಲ್ಲಿ ಸೀರೆ ಅಂಗಡಿ ಇಟ್ಟಿರುವ ತಮಿಳು ಹೆಂಗಸೊಬ್ಬರು, ಮದುವೆಯೊಂದಕ್ಕೆ ಒಂದೇ ಬಣ್ಣದ ಇಪ್ಪತ್ತು ರೇಷ್ಮೆ ಸೀರೆ ಬೇಕು, ಮಾದರಿ ತೆಗೆದುಕೊಂಡು ನೀವೇ ಬನ್ನಿ ಎಂದು ಕರೆದಿದ್ದರು. ಕೊಳ್ಳೇಗಾಲದಲ್ಲಿ ನನ್ನವು ಆರು ಮಗ್ಗ. ಆಗ ನಾಲ್ಕು ನಿಂತಿದ್ದವು. ಆ ನಾಲ್ವರು ನೇಕಾರರು ಕಲ್ಲಿನ ಕ್ವಾರಿಗೆ ಹೋಗುವ ಮಾತಾಡುತ್ತಿದ್ದರು. ಹೋದರೆ ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಈ ಆರ್ಡರ್ ಸಿಕ್ಕರೆ ಅವರು ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ.

ಇದಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ ಅಂದರೆ, ನಮ್ಮಲ್ಲಿ ಬಣ್ಣ ಹಾಕುವುದಕ್ಕೆ ಒಂದು ಕ್ರಮವಿದೆ. ಬಣ್ಣ ಹಾಕುವವನು ರೇಷ್ಮೆ ನೂಲಿನ ಲಡಿಯನ್ನು ಅದ್ದಿ, ಹಿಂಡಿ, ಒಣಗಿಸಿ, ಬೆಳಿಗ್ಗೆ ಹತ್ತರ ಬಿಸಿಲಿಗೆ ಹಿಡಿಯುತ್ತಾನೆ. ಮಗ್ಗದ ಯಜಮಾನರು ನೋಡಿ ಹೂಂ ಅನ್ನಬೇಕು. ಹೂಂ ಅಂದ ಮೇಲೆಯೇ ಹಾಸು, ಅಂದರೆ ಸೀರೆಯುದ್ದದ ಎಳೆಗಳು, ಮಗ್ಗಕ್ಕೆ ಏರುವುದು. ನಡುವೆ ಬಣ್ಣ ಹಾಕುವವನು ಬಾಯಿ ಹಾಕುವಂತಿಲ್ಲ. ನನಗೆ ಇಪ್ಪತ್ತು ವರ್ಷದಿಂದ ಬಣ್ಣ ಹಾಕಿಕೊಡುವವನು ನನಗಿಂತ ಹಿರಿಯ, ನಾನು ಬಣ್ಣದಣ್ಣ ಅಂತಲೇ ಕರೆಯುವುದು. ಒಂದು ದಿನವೂ ಅವನು ಚೆನ್ನಾಗಿದೆ, ಚೆನ್ನಾಗಿಲ್ಲ ಅಂದವನಲ್ಲ. ಹಾಗಾಗಿ ಅಲ್ಲಿ ಬಣ್ಣ ಆರಿಸಿದ ಕೂಡಲೇ ಇಲ್ಲಿ ಅದ್ದಿದ್ದನ್ನು ನಾನು ವಿಡಿಯೊ ಕಾಲ್‌ನಲ್ಲಿ ನೋಡಿ ಹೂಂ ಅನ್ನಲೇಬೇಕಿತ್ತು. ನನ್ನ ಗಂಡನಿಗೆ ಒಪ್ಪಿಸೋಣವೆಂದರೆ, ಯಳಂದೂರಿನ ಕಚೇರಿಯಲ್ಲಿ ಗುಮಾಸ್ತರಾಗಿರುವ ಆ ಮಹಾನುಭಾವರಿಗೆ ಕುಂಕುಮವೂ ಒಂದೇ, ಈರುಳ್ಳಿ ಸಿಪ್ಪೆಯೂ ಒಂದೇ.

ಆದರೆ ಸಲಹೆ ಕೊಡುವುದರಲ್ಲಿ ಅವರದೇ ಮೊದಲು. "ಅಲ್ಲೇ ಇಳಿದು ಅಲ್ಲಿನ ಸಿಮ್ ತಕೊ," ಅಂದರು.

"ಆಗ ನನ್ ನಂಬರ್ ಏನಾಯ್ತದೆ?"

"ಇರ್ತದೆ. ಆದ್ರೆ ಇರಲ್ಲ," ಎಂದು ಹೇಳಿ ಪೇಪರ್ ಬಿಡಿಸಿಕೊಂಡರು.

ಹನೂರಿನಲ್ಲಿರುವ ನನ್ನ ಅಣ್ಣ ಒಮ್ಮೆ ದುಬೈ ನೋಡಿ ಬಂದವನು. ಅವನಿಗೆ ಫೋನ್ ಮಾಡಿದೆ. "ಸಿಮ್ಮೇ ಬ್ಯಾಡ ಕಣವ್ವ. ಈಗ ಸಿಮ್ ಇಲ್ಲದ ಸಿಮ್ಮು ಬಂದದೆ," ಅಂದ.

"ಸಿಮ್ ಇಲ್ದಿದ್ ಮೇಲೆ ಅದ್ಯಾತರ ಸಿಮ್ಮೋ? ಎಲ್ ಕೂತ್ಕತದೆ ಅದು?"

"ಪೋನಿನ್ ಒಳ್ಗೇ ಇರ್ತದೆ."

"ಯಾರಿಟ್ರು?"

ಅವನಿಗೂ ಗೊತ್ತಿರಲಿಲ್ಲ. ನಿನಗೆ ಹೇಳಿ ಪ್ರಯೋಜನವಿಲ್ಲ ಅಂತ ಫೋನ್ ಇಟ್ಟುಬಿಟ್ಟ.

ಕೊನೆಗೆ ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯಾತ ಒಂದು ದಿನದ್ದು, ಐದು ದಿನದ್ದು, ಹತ್ತು ದಿನದ್ದು ಅಂತ ಓದುತ್ತಲೇ ಹೋದ. "ಇದು ಅನ್‌ಲಿಮಿಟೆಡ್ ಕಣಕ್ಕ, ಆದ್ರೆ ಲಿಮಿಟ್ ಅದೆ," ಅಂದಾಗ ನನಗೆ ಅಳು ಬರುವುದೊಂದು ಬಾಕಿ. ಏನಾದರೂ ಆಗಲಿ, ನನ್ನ ನಂಬರೇ ಇರಲಿ, ಐದು ದಿನದ ರೋಮಿಂಗ್ ಪ್ಯಾಕ್ ಹಾಕಿ ಅಂದೆ.

"ಈಗ್ಲೇ ಸುರು ಮಾಡ್ಬುಡ್ಲಾ? ಇಲ್ಲ ಅಲ್ಲಿಗೋಗಿ ಮಾಡ್ಕತೀರಾ?"

"ಇವತ್ತು ಸೋಮ್ವಾರ, ಮಾದಪ್ಪನ ದಿನ. ಈಗ್ಲೇ ಮಾಡಿ."

"ಅಕ್ಕ, ಅದು ಏನಂದ್ರೆ..."

"ನಂಗೇನೂ ಏಳ್ಬ್ಯಾಡಿ. ಇಪ್ಪತ್ತು ವರ್ಸದಿಂದ ಸೋಮ್ವಾರನೇ ಹಾಸು ಏರುಸ್ತಿವ್ನಿ, ಒಂದೂ ಕೆಟ್ಟಿಲ್ಲ."

ಪಾಪ, ಆತ ಸುಮ್ಮನೆ ಒತ್ತಿದ. ನಮ್ಮ ಮನೆಯಲ್ಲಿ ಹೊಸದು ಏನಿದ್ದರೂ ಸೋಮವಾರವೇ ಶುರು. ಒಮ್ಮೆ ಅವಸರಕ್ಕೆ ಬಿದ್ದು ಮಂಗಳವಾರ ಏರಿಸಿದ ಹಾಸು ಗೇಣುಗೇಣಿಗೂ ಹರಿದು ನನ್ನ ಪ್ರಾಣ ತೆಗೆದಿತ್ತು. ಇಂಟರ್ನೆಟ್ಟೂ ಹಾಸಿನ ಹಾಗೆಯೇ ಎಂದುಕೊಂಡೆ. ಒಳ್ಳೆಯ ದಿನ ಏರಿಸಿ ಬಿಟ್ಟರೆ ಆಯಿತು, ನೇಯ್ದಷ್ಟು ಖರ್ಚಾಗುತ್ತದೆ, ನೇಯದಿದ್ದರೆ ಹಾಗೇ ಇರುತ್ತದೆ. ನಾನು ಮುಟ್ಟದೆಯೇ ಅದು ತನ್ನಷ್ಟಕ್ಕೆ ತಾನು ತೀರಿಹೋಗುತ್ತದೆ ಅಂತ ಯಾರಿಗಾದರೂ ಹೊಳೆಯುತ್ತದೆಯೇ?

ಶುಕ್ರವಾರ ಬೆಳಿಗ್ಗೆ ಕೌಲಾಲಂಪುರದಲ್ಲಿ ಇಳಿದೆ. ಫೋನ್ ಜೀವಂತವಾಗಿತ್ತು. ನನ್ನ ತವರು ತಮಿಳುನಾಡಿನ ಗಡಿಗೆ ಹತ್ತಿರದ ರಾಮಾಪುರದ ಕಡೆ, ತಮಿಳು ನಾಲಿಗೆಗೆ ಹೊಸದಲ್ಲ. ಅಂಗಡಿಯ ಅಮ್ಮನವರ ಜೊತೆ ಮಾತು ಚೆನ್ನಾಗಿಯೇ ನಡೆಯಿತು. ನಾನು ಒಯ್ದ ಮಾದರಿ ಲಡಿಗಳಲ್ಲಿ ಅವರು ಈರುಳ್ಳಿ ಸಿಪ್ಪೆಯ ಬಣ್ಣ ಆರಿಸಿದರು. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ಒಂದನ್ನು ಬಣ್ಣದಣ್ಣನ ಹತ್ತಿರ ಬಿಟ್ಟು ಬಂದಿದ್ದೆ. ಆರಿಸಿದ್ದು ಯಾವುದು ಅಂತ ಅವನಿಗೆ ತಕ್ಷಣ ಹೇಳಿದೆ. ನಾಳೆ ಹತ್ತು ಗಂಟೆಗೆ ಬಿಸಿಲಲ್ಲಿ ಹಿಡಿಯುತ್ತೇನೆ ಅಂದ. ಅಮ್ಮನವರು ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು, ನಾಳೆ ಸಂಜೆಯೊಳಗೆ ಬಣ್ಣ ಖಾತ್ರಿಯಾಗಬೇಕು, ಇಲ್ಲದಿದ್ದರೆ ಬೇರೆ ನೇಕಾರರಿಗೆ ಹೇಳಿಬಿಡುತ್ತೇನೆ.

ಶನಿವಾರ ಅವರ ಅಂಗಡಿಯಲ್ಲೇ ಕುಳಿತು ಫೋನ್ ಮಾಡಲು ಹೋದರೆ, ಇಂಟರ್ನೆಟ್ಟು ಸತ್ತಿದೆ! ಫೋನ್ ಆರಿಸಿ ಹಚ್ಚಿದೆ. ಬಾಗಿಲಿಗೆ ಹೋಗಿ ನಿಂತೆ, ಕೈ ಎತ್ತಿ ಹಿಡಿದೆ. ವೇಳೆ ಬೇರೆ ನನ್ನನ್ನು ಕಂಗೆಡಿಸಿತ್ತು. ಇಲ್ಲಿ ಮಧ್ಯಾಹ್ನ ದಾಟಿದೆ, ಊರಲ್ಲಿ ಈಗ ಎಷ್ಟು? ಹತ್ತೋ, ಹನ್ನೊಂದೋ? ಅಮ್ಮನವರ ಮುಂದೆ ಹೇಳಿಕೊಳ್ಳಲು ನಾಚಿಕೆ. ಒಂದು ಫೋನ್ ನೆಟ್ಟಗೆ ಇಟ್ಟುಕೊಳ್ಳಲು ಬಾರದವಳು ಇಪ್ಪತ್ತು ಸೀರೆ ಹೇಗೆ ನೇಯಿಸುತ್ತಾಳೆ ಅಂದುಕೊಂಡರೆ? ನನ್ನ ಒದ್ದಾಟ ನೋಡಲಾರದೆ ಅವರೇ ಫೋನ್ ಕೇಳಿ ಪಡೆದು ಅದರಲ್ಲಿದ್ದ ಮೆಸೇಜ್ ಓದಿದರು. ಪ್ಯಾಕ್ ನಿನ್ನೆಗೇ ಮುಗಿದಿತ್ತು.

"ಯಾವಾಗ ಶುರು ಮಾಡಿಸಿದಿರಿ?" ತಮಿಳಿನಲ್ಲಿ ಕೇಳಿದರು.

"ಸೋಮವಾರ."

"ಬಂದದ್ದು ಶುಕ್ರವಾರ ಅಲ್ಲವಾ?"

"ಸೋಮವಾರ ಒಳ್ಳೆಯ ದಿನ," ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಕ್ಕು ಮುಗಿಸಿ, ತಮ್ಮ ಫೋನಿನ ಇಂಟರ್ನೆಟ್ ನನ್ನ ಫೋನಿಗೆ ಬರುವಂತೆ ಮಾಡಿ, ಪಕ್ಕದಲ್ಲೇ ಕುಳಿತರು.

"ಅವ್ವಾರೇ, ಹತ್ತರಿಂದ ನಿಂತಿವ್ನಿ," ಅಂದ ಬಣ್ಣದಣ್ಣ. ಫೋನನ್ನು ಗೋಡೆಗೆ ಒರಗಿಸಿದ್ದ. ಒಂದು ಕೈಯಲ್ಲಿ ಮಾದರಿ, ಇನ್ನೊಂದರಲ್ಲಿ ಹೊಸ ಲಡಿ. ನೋಡಿದೆ. ನನ್ನ ಫೋನ್ ನೇರ ಹಿಡಿದರೆ ಹೊಸದು ಕೆಂಪಾಗಿ ಕಾಣುತ್ತದೆ, ಸ್ವಲ್ಪ ವಾಲಿಸಿದರೆ ಬೆಳ್ಳಗೆ. ಎರಡೂ ಒಂದೇ ಅನ್ನಿಸಿತು, ಮರುಕ್ಷಣ ಎರಡೂ ಬೇರೆ ಅನ್ನಿಸಿತು.

"ನನಗೆ ಚೆನ್ನಾಗಿಯೇ ಕಾಣುತ್ತಿದೆ," ಅಂದರು ಅಮ್ಮನವರು. "ನೀವು ಸರಿ ಅಂದರೆ ನೇಯಿಸಿ. ಮಾದರಿಗಿಂತ ಬೇರೆಯಾಗಿ ಬಂದರೆ ಮಾತ್ರ ಒಂದೂ ತೆಗೆದುಕೊಳ್ಳುವುದಿಲ್ಲ."

ಹೂಂ ಎನ್ನುವುದು ಬಾಯಿಗೆ ಬಂದು ನಿಂತುಹೋಯಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಬೇರೆ ದಾರಿ ತೋಚದೆ ಕೇಳಿದೆ, "ಅಣ್ಣಾ, ನಿನ್ ಕಣ್ಗೆ ಎಂಗದೆ?"

ಅವನು ಅಲ್ಲಾಡಲಿಲ್ಲ. ಇಂಟರ್ನೆಟ್ ಮತ್ತೆ ಕೈಕೊಟ್ಟಿತು ಅಂದುಕೊಂಡೆ.

"ನನ್ನಾ ಕೇಳ್ತಿರಾದು?" ಅಂದ.

"ಊ ಕಣಣ್ಣ, ನಿನ್ನೇ. ನಂಗ್ ಕಾಣ್ತಾ ಇಲ್ಲ."

ಎರಡು ಲಡಿಯನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ. "ಇನ್ನೊಂದ್ಸಲ ಅದ್ಬೇಕು ಕಣ್ರವ್ವ. ಒಸಿ ಕಮ್ಮಿ ಅದೆ," ಅಂದ.

ಮತ್ತೆ ಅದ್ದಿ, ಒಣಗಿಸಿ, ಇಳಿಬಿಸಿಲಿನಲ್ಲಿ ತೋರಿಸಿದ. ಈ ಸಲ ಮೊದಲೇ ಅವನನ್ನು ಕೇಳಿದೆ. ಈಗ ಸರಿಯಾಯಿತು ಅಂದ. ಆಮೇಲೆ ನಾನು ಹೂಂ ಅಂದೆ. ಅಮ್ಮನವರು ಆರ್ಡರ್ ಕೊಟ್ಟರು. ನೇಕಾರರಿಗೆ ಬರಹೇಳು ಎಂದು ಅವನಿಗೇ ಹೇಳಿ, ಸಂತೋಷಕ್ಕೆ ಕಣ್ಣು ಒರೆಸಿಕೊಂಡು, ಫೋನ್ ಇಡುವುದರಲ್ಲಿದ್ದೆ.

"ಅವ್ವಾರೇ," ಅಂದ. "ಓದ್ವರ್ಸ ಆ ಎಲೆ ಹಸ್ರು ಸೀರೆ ವಾಪಸ್ ಬಂದ್ವಲ್ಲ. ನೀವು ಊಂ ಅಂದಾಗ್ಲೇ ಅವ್ಕೂವೆ ಒಂದ್ಸಲ ಅದ್ದದು ಕಮ್ಮಿ ಇತ್ತು."

ಆ ಸೀರೆಗಳು ವಾಪಸ್ ಬಂದ ದಿನ, ಆರೂ ಮಗ್ಗದವರ ಮುಂದೆ ಅವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ನಿನಗೆ ಕಣ್ಣಿಲ್ಲವಾ ಎಂದು ಬೈದಿದ್ದೆ.