ಬೋರ್ಡಿನ ಮೇಲೆ ಒಂದೇ ವಾಕ್ಯ

ಬಸವನಗುಡಿಯ ಒಂದು ಶಾಲೆಯವರು ಶನಿವಾರ ಸಂಜೆ ನಮಗೆ ಐದನೇ ಕ್ಲಾಸಿನ ಕೋಣೆ ಬಿಟ್ಟುಕೊಡುತ್ತಿದ್ದರು. ಆ ಪುಟ್ಟ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂರುವವರೆಲ್ಲ ಐವತ್ತರ ಆಸುಪಾಸಿನವರು. ಪ್ರತಿಯೊಬ್ಬರ ಮನೆಯಲ್ಲೂ ಮರೆವಿನ ಕಾಯಿಲೆಯ ತಾಯಿಯೋ ತಂದೆಯೋ ಇದ್ದರು. ಅವರನ್ನು ನೋಡಿಕೊಂಡು ಸುಸ್ತಾದ ಮಕ್ಕಳು ವಾರಕ್ಕೊಮ್ಮೆ ಬಂದು ಮನಸ್ಸು ಹಗುರ ಮಾಡಿಕೊಳ್ಳಲಿ ಅಂತ ಈ ಗುಂಪು. ನಾನು ಅದನ್ನು ನಡೆಸುವ ಆಪ್ತಸಮಾಲೋಚಕಿ. ಯಾರಾದರೂ ಮೇಡಂ ಅಂದರೆ ಸ್ವಲ್ಪ ಉಬ್ಬುವ ಸ್ವಭಾವ ನನ್ನದು, ಒಪ್ಪಿಕೊಳ್ಳುತ್ತೇನೆ.

ನಿಯಮಗಳೆಲ್ಲ ನನ್ನವೇ. ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ. ಫೋನುಗಳು ನನ್ನ ಮೇಜಿನ ಮೇಲಿರಬೇಕು. ಕಾಯಿಲೆಯವರನ್ನು ಕರೆತರುವಂತಿಲ್ಲ, ಈ ಎರಡು ಗಂಟೆ ನಿಮ್ಮದು. ಸಾಲಾಗಿ ಎರಡು ವಾರ ತಪ್ಪಿಸಿದರೆ ಜಾಗ ಇನ್ನೊಬ್ಬರಿಗೆ. ಇವೆಲ್ಲಕ್ಕಿಂತ ನನಗೆ ಹೆಮ್ಮೆಯಿದ್ದದ್ದು ಇನ್ನೊಂದು ಪದ್ಧತಿಯ ಬಗ್ಗೆ. ಪ್ರತಿಯೊಬ್ಬರೂ ತಮಗೇನು ಬೇಕು ಅಂತ ಹೇಳಬೇಕು, ಕೊನೆಯಲ್ಲಿ ಎಲ್ಲರೂ ಒಪ್ಪುವ ಒಂದೇ ಒಂದು ವಾಕ್ಯವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹತ್ತು ಜನ ಹತ್ತು ಕಡೆ ಎಳೆದರೆ ಗುಂಪು ನಡೆಯುವುದಾದರೂ ಹೇಗೆ?

ಎಳೆದಾಟ ಇದ್ದದ್ದು ಇಬ್ಬರ ನಡುವೆ. ಒಬ್ಬರು ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟವರು, ಮದುವೆಯಾಗದೆ ಮಾವಳ್ಳಿಯಲ್ಲಿ ತಾಯಿಯ ಜೊತೆ ಇದ್ದ ಗಂಡಸು. ಕೊನೆಯ ಉಸಿರಿನವರೆಗೂ ಅಮ್ಮ ಮನೆಯಲ್ಲೇ ಇರಬೇಕು ಎನ್ನುವುದು ಅವರ ಆಸೆ. ಇನ್ನೊಬ್ಬರು ಚಾಮರಾಜಪೇಟೆಯ ಕಾಲೇಜು ಉಪನ್ಯಾಸಕಿ. ಗಂಡ ತೀರಿಕೊಂಡ ಮೇಲೆ ಅವರ ಮನೆಯಲ್ಲೂ ತಾಯಿ ಮಗಳು ಇಬ್ಬರೇ. ಆಕೆಗೆ ಒಂದು ಕೇರ್ ಹೋಮಿನಲ್ಲಿ ತಾಯಿಗೆ ಜಾಗ ಸಿಕ್ಕಿತ್ತು.

"ನಾನು ಅಮ್ಮನ್ನ ಹೊರಗೆ ತಳ್ತಿಲ್ಲ ಅಂತ ಯಾರಾದ್ರೂ ಒಬ್ರು ನನಗೆ ಹೇಳ್ಬೇಕು ಮೇಡಂ. ಅಷ್ಟು ಸಾಕು, ಕಳಿಸ್ತೀನಿ" ಅಂದರು ಆಕೆ.

ನಾನು ಬಾಯಿ ತೆರೆಯುವ ಮೊದಲೇ ಬಳೆ ಅಂಗಡಿಯವರು, "ಹೆತ್ತು ಸಾಕಿದೋರನ್ನ ಯಾರ್ದೋ ಕೈಗೆ ಕೊಡೋದಾ? ನನ್ನ ಕೈಲಂತೂ ಆಗಲ್ಲಪ್ಪ" ಅಂದುಬಿಟ್ಟರು. ತಲೆಗಳೆಲ್ಲ ಹೌದು ಹೌದು ಅಂತ ಆಡಿದವು. ಜಗಳ ಬೆಳೆಯುತ್ತದೆ ಅಂತ ನನಗೆ ಗಾಬರಿ. ಸೀಮೆಸುಣ್ಣ ತಗೊಂಡು ಬರೆದೆ: ಮನೆಯಲ್ಲೇ, ತಾಳ್ಮೆಯಿಂದ ನೋಡಿಕೊಳ್ಳುತ್ತೇವೆ. "ಎಲ್ಲರಿಗೂ ಒಪ್ಪಿಗೆ ತಾನೆ?" ಅಂತ ಕೇಳಿದಾಗ ಆಕೆಯೂ ಕೈ ಎತ್ತಿದರು. ಮುಂದಿನ ವಾರ ಬಂದು, ಆ ಜಾಗ ಬೇಡ ಅಂದುಬಿಟ್ಟೆ ಅಂತ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ.

ಅದಾಗಿ ಮೂರು ವಾರಕ್ಕೆ, ಗುಂಪು ನಡೆಯುತ್ತಿದ್ದಾಗ, ಮೇಜಿನ ಮೇಲೆ ಬಳೆ ಅಂಗಡಿಯವರ ಫೋನು ಗುರ್ರ್ ಅಂತ ಅದುರಿತು. ಅವರು ಎದ್ದರು.

"ಕೂತ್ಕೊಳ್ಳಿ, ಎಲ್ಲರಿಗೂ ಒಂದೇ ರೂಲ್ಸು" ಅಂದೆ. ಪಾಪ, ಕೂತರು. ಮತ್ತೆ ಅದುರಿತು. ನಾನು ಫೋನನ್ನು ಬೋರಲು ಹಾಕಿದೆ. ಮೂರನೇ ಸಲ ಉಪನ್ಯಾಸಕಿಯೇ ಎದ್ದು ಬಂದು, ನನ್ನ ಮುಖ ಕೂಡ ನೋಡದೆ, ಫೋನು ಎತ್ತಿ ಅವರ ಕೈಗೆ ಕೊಟ್ಟರು. ಪಕ್ಕದ ಮನೆಯಾಕೆಯ ಧ್ವನಿ ಇಡೀ ಕೋಣೆಗೆ ಕೇಳಿಸಿತು.

"ಅಣ್ಣಾ, ಎಲ್ಲಿದೀರಾ? ಅಮ್ಮ ಒಳಗಡೆ ಕಿರುಚ್ಕೋತಿದಾರೆ! ಬೀಗ ಹಾಕ್ಕೊಂಡು ಹೋಗ್ಬಿಟ್ಟಿದೀರಲ್ಲ!"

ಬೀಗವೇ? ಆ ಮಾತು ತಲೆಗೆ ಇಳಿಯುವುದಕ್ಕೇ ನನಗೆ ಹೊತ್ತು ಹಿಡಿಯಿತು. ಅವರು, ನಾನು, ಉಪನ್ಯಾಸಕಿ ಒಂದೇ ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರು, "ಗ್ಯಾಸ್ ಆಫ್ ಮಾಡಿದೀನಿ, ನೀರು ಪಕ್ಕದಲ್ಲೇ ಇಟ್ಟಿದೀನಿ, ಏನೂ ಆಗಿರಲ್ಲ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಅವರು ಬೀಗ ತೆಗೆದು ಬಾಗಿಲು ತಳ್ಳಿದರು. ಮುದುಕಿಯ ಸೊಂಟಕ್ಕೆ ಹಳೇ ನೂಲಿನ ಸೀರೆ ಸುತ್ತಿ ಮಂಚಕ್ಕೆ ಕಟ್ಟಿತ್ತು. ಆಕೆ ಮಂಚದಿಂದ ಜಾರಿದ್ದರು. ಕಟ್ಟು ಮೇಲೆ ಸರಿದು ಕಂಕುಳಿಗೆ ಸಿಕ್ಕಿಕೊಂಡು, ಅರ್ಧ ನೇತಾಡುತ್ತಿದ್ದರು. ಕೆಳಗೆಲ್ಲ ಒದ್ದೆ. ಜೀವವಿತ್ತು, ಗಂಟಲು ಮಾತ್ರ ಬಿದ್ದುಹೋಗಿತ್ತು.

"ಮನುಷ್ಯರೇನ್ರೀ ನೀವು?" ಅಂತ ಕೂಗಾಡಿದೆ. ಕೈ ಎತ್ತಲಿಲ್ಲ ಅಷ್ಟೇ.

ಅವರು ತಾಯಿಯ ಬೆನ್ನ ಹಿಂದೆ ಕೂತು ಗಂಟು ಎಳೆಯುತ್ತಲೇ ಹೇಳಿದರು: "ನಾಲ್ಕಕ್ಕೆ ಬಾಗಿಲು ಹಾಕ್ತೀರ. ಕರ್ಕೊಂಡು ಬರಬೇಡಿ ಅಂದ್ರಿ. ಎರಡು ವಾರ ತಪ್ಪಿಸಿದ್ರೆ ಜಾಗ ಇಲ್ಲ ಅಂದ್ರಿ. ನನ್ನ ಮಾತು ಕೇಳೋಕೆ ಇನ್ಯಾರಿದಾರೆ ಮೇಡಂ ನಂಗೆ?"

ಅಷ್ಟು ತಿಂಗಳಲ್ಲಿ ಅವರ ನಿದ್ದೆ, ಊಟ, ಕೋಪ, ಕಣ್ಣೀರು ಎಲ್ಲ ಕೇಳಿದ್ದೆ. ನೀವು ಇಲ್ಲಿ ಕೂತಿರುವಾಗ ಅಲ್ಲಿ ಯಾರಿರ್ತಾರೆ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಅವರು ಎಳೆದಷ್ಟೂ ಗಂಟು ಬಿಗಿಯುತ್ತಲೇ ಹೋಯಿತು. ನಾನು ಪ್ರಯತ್ನಿಸಿದೆ, ನನ್ನ ಉಗುರು ಮುರಿಯಿತು. ಆಗ ಉಪನ್ಯಾಸಕಿ ಬ್ಯಾಗು ಕೆಳಗಿಟ್ಟು ಮಂಡಿಯೂರಿದರು.

"ಹಾಗೆ ಎಳೀಬೇಡಿ. ಮೊದ್ಲು ಇಬ್ರೂ ಅವರನ್ನ ಸ್ವಲ್ಪ ಮೇಲೆತ್ತಿ. ಭಾರ ಬಿದ್ದಿದ್ರೆ ಗಂಟು ಬರಲ್ಲ."

ಎತ್ತಿದೆವು. ಉಪನ್ಯಾಸಕಿಯ ಬೆರಳುಗಳು ಮುದುಕಿಯ ಬೆನ್ನ ಹಿಂದೆ ಹೋಗಿ, ಕಣ್ಣಲ್ಲಿ ನೋಡದೆಯೇ, ಕ್ಷಣದಲ್ಲಿ ಗಂಟು ಬಿಚ್ಚಿದವು. ಮುದುಕಿಯನ್ನು ಮಂಚದ ಮೇಲೆ ಮಲಗಿಸಿ, ಸೆರಗು ಸರಿಮಾಡುತ್ತಾ, ಮಾಮೂಲಿ ವಿಷಯ ಹೇಳುವಂತೆ ಬಳೆ ಅಂಗಡಿಯವರಿಗೆ ಹೇಳಿದರು: "ಹಿಂದ್ಗಡೆ ಗಂಟು ಹಾಕಿದ್ದು ಸರಿ. ಮುಂದೆ ಹಾಕಿದ್ರೆ ಕೈಯಲ್ಲಿ ತಡಕಾಡಿ ಬಿಚ್ಕೋತಾರೆ."

ನಾನು ಆಕೆಯ ಮುಖವನ್ನೇ ನೋಡಿದೆ. ಆಕೆ ನನ್ನ ಕಡೆ ತಿರುಗಲಿಲ್ಲ.

"ನಿಮ್ಮಮ್ಮನ ಜೊತೆ ಈಗ ಯಾರಿದಾರೆ?" ಅಂತ ಕೇಳಿದೆ.

ಆಕೆ ಗಡಿಯಾರ ನೋಡಿಕೊಂಡರು.

"ಇಲ್ಲಿಂದ ಚಾಮರಾಜಪೇಟೆಗೆ ಬೇಗ ಆಟೋ ಸಿಗುತ್ತಾ ಮೇಡಂ?"