ನಮ್ಮ ಬಾಗಿಲಲ್ಲಿದ್ದ ಮೆಜೂಜಾ

ಕೆನಡಾದ ಥಾರ್ನ್‌ಹಿಲ್‌ನಲ್ಲಿ ಈ ಕಾಂಡೋ ಫ್ಲ್ಯಾಟು ಕೊಂಡಾಗ ಬಾಗಿಲ ಚೌಕಟ್ಟಿನ ಮೇಲೆ ಬೆರಳುದ್ದದ ಹಿತ್ತಾಳೆ ಡಬ್ಬಿಯೊಂದು ಓರೆಯಾಗಿ ಸ್ಕ್ರೂ ಹಾಕಿಸಿಕೊಂಡು ಕೂತಿತ್ತು. ಮೆಜೂಜಾ ಅಂತೆ, ಒಳಗೆ ದೇವರ ವಾಕ್ಯ ಬರೆದ ಸುರುಳಿ. ಯಹೂದಿಗಳು ಹೋಗ್ತಾ ಬರ್ತಾ ಅದನ್ನ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಹಿಂದಿದ್ದವರು ಬಿಟ್ಟುಹೋಗಿದ್ದರು. "ತೆಗೆದುಬಿಡೋಣ" ಅಂದರು ನಮ್ಮ ಯಜಮಾನರು. "ಬಾಗಿಲಲ್ಲಿರೋ ದೇವರನ್ನ ಕೀಳೋದಾ? ತಲೆ ನೆಟ್ಟಗಿದೆ ತಾನೇ?" ಅಂತ ರೇಗಿದೆ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದೆ.

ಮಗಳು ಕೆನಡಾ ಸೈನ್ಯದಲ್ಲಿ ನರ್ಸು. ಈ ಸಲ ಯುದ್ಧದ ಹತ್ತಿರ ಎಲ್ಲೋ ಹಾಕಿದ್ದಾರೆ, ಎಲ್ಲಿ ಅಂತ ಹೇಳೋ ಹಾಗಿಲ್ಲವಂತೆ. ಫೋನು ಬಾರದ ದಿನ ನನಗೆ ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ. ಹೋಗೋ ಮುಂಚೆ ಅವಳೇ ಹೇಳಿದ್ದಳು: ಸಾವಿನ ಸುದ್ದಿಯನ್ನ ಫೋನಲ್ಲಿ ಹೇಳಲ್ಲಮ್ಮ, ಯೂನಿಫಾರ್ಮಲ್ಲಿ ಮನೆಗೇ ಬರ್ತಾರೆ, ಜೊತೆಗೆ ಚಾಪ್ಲೇನ್, ಅಂದರೆ ಸೈನ್ಯದ ಗುರುಗಳೂ ಇರ್ತಾರೆ. ಅಯ್ಯೋ, ಇದನ್ನ ಯಾಕಾದರೂ ಹೇಳಿದಳೋ!

ಹೋದ ತಿಂಗಳು ವಾರವೆಲ್ಲ ಫೋನಿರಲಿಲ್ಲ. ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಕಿಂಡಿಯಲ್ಲಿ ನೋಡಿದರೆ ಯೂನಿಫಾರ್ಮು, ಕಾಲರಲ್ಲಿ ಗುರುಗಳ ಬ್ಯಾಡ್ಜು, ನೆತ್ತಿಯ ಮೇಲೆ ಯಹೂದಿಗಳ ಪುಟ್ಟ ಟೋಪಿ. ಒಬ್ಬರೇ ಬಂದಿದ್ದಾರೆ ಅನ್ನೋದೂ ನನಗೆ ಹೊಳೆಯಲಿಲ್ಲ. ಬಾಗಿಲು ತೆಗೆದವಳು "ನನ್ನ ಮಗಳು" ಅಂತ ಕಿರುಚಿ ಹೊಸ್ತಿಲ ಮೇಲೇ ಕುಸಿದೆ.

ಅವರಿಗೆ ತಕ್ಷಣ ಅರ್ಥವಾಯಿತು. ಮಂಡಿಯೂರಿ ಕೂತು, "ಇಲ್ಲಮ್ಮ, ಯಾವ ಸುದ್ದಿಯೂ ತಂದಿಲ್ಲ. ತಪ್ಪು ಮನೆ" ಅಂದರು. ಎದುರು ಮನೆಯ ಅಜ್ಜಿಯನ್ನ ನೋಡಲು ಬಂದವರು ಮನೆ ನಂಬರು ಮರೆತು, ಇಡೀ ಸಾಲಲ್ಲಿ ಮೆಜೂಜಾ ಇದ್ದ ಒಂದೇ ಬಾಗಿಲು ಅಂತ ನಮ್ಮದನ್ನ ತಟ್ಟಿದ್ದರು. ಅಜ್ಜಿಯ ಅಪ್ಪನೂ ಸೈನ್ಯದ ಗುರುಗಳಂತೆ. ಎರಡನೇ ಮಹಾಯುದ್ಧದಲ್ಲಿ ಎಲ್ಲರೂ ಹಿಂದಕ್ಕೆ ಸರಿಯುವಾಗ, ಎತ್ತಿಕೊಂಡು ಹೋಗಲಾಗದ ಗಾಯಾಳುಗಳ ಜೊತೆ ತಾವಾಗಿಯೇ ಉಳಿದವರು ವಾಪಸು ಬರಲಿಲ್ಲ. ಅವರ ನೆನಪಿನ ಪ್ರಾರ್ಥನೆಗೆ ಅಜ್ಜಿಯನ್ನ ಕರೆಯಲು ಇವರು ಬಂದಿದ್ದರು.

ನನ್ನ ಕಿರುಚಾಟಕ್ಕೆ ಅಜ್ಜಿ ಹೊರಗೆ ಬಂದರು. ನನ್ನನ್ನೇ ನೋಡುತ್ತಾ, "ಅಪ್ಪನ ಸುದ್ದಿ ಬಂದ ದಿನ ನಮ್ಮಮ್ಮನೂ ಹೀಗೇ ಕೂತಿದ್ದಳು. ಆವತ್ತೇ ಮೆಜೂಜಾ ಕಿತ್ತುಹಾಕಿದಳು. ನಾನೂ ಯಾವ ಮನೆಗೂ ಹಾಕಲಿಲ್ಲ" ಅಂದರು.

ಸಂಜೆ ಮಗಳ ಫೋನು ಬಂತು. "ಅಮ್ಮಾ, ಐ ಆಮ್ ಫೈನ್, ನೆಟ್‌ವರ್ಕ್ ಇರ್ಲಿಲ್ಲ ಅಷ್ಟೇ." ಬೈದು, ಅತ್ತು, ಮತ್ತೆ ಬೈದೆ.

ಮಾರನೇ ಬೆಳಗ್ಗೆ ಅಜ್ಜಿ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದರು. "ಆ ಮೆಜೂಜಾ ನನಗೆ ಕೊಡು."

"ಇಷ್ಟು ವರ್ಷ ಬೇಡವಾಗಿದ್ದು ಈಗ್ಯಾಕೆ?" ಅಂದೆ. ಬಿಚ್ಚಿ ಕೊಡುವ ಮುಂಚೆ ಅದರ ಮೇಲಿನ ಕುಂಕುಮ ಒರೆಸಲು ಹೋದರೆ ಕೈ ಹಿಡಿದರು.

"ಇರಲಿ ಬಿಡು. ಇನ್ನು ಆ ಯೂನಿಫಾರ್ಮಿನವರು ಯಾರೇ ಬರಲಿ, ನನ್ನ ಬಾಗಿಲು ತಟ್ಟಲಿ. ನನ್ನ ಹತ್ತಿರ ಕಳಕೊಳ್ಳೋಕೆ ಯಾರೂ ಉಳಿದಿಲ್ಲ."