ಬಂದೂಕಿನ ಬಾಯಿ ಸವೆದದ್ದು ಹೇಗೆ

ರಂಗಂಪೇಟೆಯಲ್ಲಿ ನನ್ನ ಸೈಕಲ್ ಅಂಗಡಿಗೂ ಮನ್ಸೂರಅಲಿ ಉಸ್ತಾದರ ಬಂದೂಕು ರಿಪೇರಿ ಅಂಗಡಿಗೂ ನಡುವೆ ಒಂದು ತಗಡಿನ ಗೋಡೆ ಮಾತ್ರ ಇತ್ತು. ಅವರ ಬೈಗುಳ ಕೇಳದೆ ನಾನು ಒಂದು ಪಂಕ್ಚರ್ ಹಾಕಿದ್ದು ನೆನಪಿಲ್ಲ. ಸುತ್ತಲಿನ ಹಳ್ಳಿಗಳ ಹಳೆಯ ಬಂದೂಕು ಕೆಟ್ಟರೆ ಅವರ ಬಾಗಿಲಿಗೇ ಬರಬೇಕು. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಸೊಕ್ಕು.

ಅವರದೊಂದು ಕಾನೂನು. ಬಂದೂಕು ತಂದವರು ಅದರ ಕಥೆ ಹೇಳಕೂಡದು. ಯಾರ ಕಾಲದ್ದು, ಯಾರು ಏನು ಹೊಡೆದರು, ಒಂದೂ ಬೇಡ.

"ಮನಷ್ಯಾ ಸುಳ್ಳು ಹೇಳ್ತಾನ, ಕಬ್ಬಿಣ ಹೇಳಂಗಿಲ್ಲ. ನೀ ಹೊರಗ ಕುಂದ್ರು," ಎಂದು ಗಿರಾಕಿಯನ್ನು ನನ್ನ ಬೆಂಚಿಗೆ ಅಟ್ಟುತ್ತಿದ್ದರು. ಆಮೇಲೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಾಡಿಸಿ, ಇದು ಮಳೆಯಲ್ಲಿ ನೆಂದದ್ದು, ಇದನ್ನು ಹುಡುಗರು ಆಟಕ್ಕೆ ಗುಂಡಿಲ್ಲದೆ ಖಾಲಿ ಎಳೆದಿದ್ದಾರೆ ಎಂದು ಒಂದೊಂದೇ ಬಿಡಿಸಿ ಹೇಳುವರು. ಹೆಚ್ಚಾಗಿ ಸರಿಯೇ ಇರುತ್ತಿತ್ತು. ತಮ್ಮ ತಪ್ಪನ್ನು ಅವರು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಒಂದೇ ಸಲ.

ಕಾಲುವೆಗೆ ನೀರು ಬಂದ ಹೊಸತು. ಜೋಳ ಬಿತ್ತುತ್ತಿದ್ದವರು ಭತ್ತಕ್ಕೆ ಇಳಿದಿದ್ದರು, ಭತ್ತದ ಹಿಂದೆ ಕಾಡುಹಂದಿಗಳೂ ಮತ್ತೆ ಬರತೊಡಗಿದ್ದವು. ತಿಂಥಣಿ ಕಡೆಯ ರೈತ ಪರಮಣ್ಣ ತೀರಿಹೋದ ತನ್ನ ತಂದೆಯ ರೈಫಲ್ ತೆಗೆದು ಒಂದು ಹಂದಿಗೆ ಗುರಿಯಿಟ್ಟ. ಬಾಯಿಂದ ಮದ್ದು ತುಂಬುವ ಹಳೆಯ ರೈಫಲ್ ಅದು, ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು. ಗುಂಡು ಹಂದಿಯನ್ನು ಬಿಟ್ಟು ಬಲಕ್ಕೆ ಹಾರಿ ಕಾಲುವೆಯ ಗೇಟಿಗೆ ಬಡಿಯಿತು. ಗೇಟಿನ ಪಕ್ಕ ನೀರು ಬಿಡುವವನು ಬೀಡಿ ಸೇದುತ್ತ ಕುಳಿತಿದ್ದ. ಅವನ ಕಿವಿ ಉಳಿದದ್ದೇ ಪುಣ್ಯ. ಊರ ಹಿರಿಯರು ಸೇರಿ, ಬಂದೂಕನ್ನು ಈ ವಾರ ಸರಿಮಾಡಿಸು, ಇಲ್ಲವೇ ಠಾಣೆಗೆ ಒಪ್ಪಿಸು ಎಂದರು. ಠಾಣೆಗೆ ಹೋದ ಬಂದೂಕು ತಿರುಗಿ ಮನೆಗೆ ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಪರಮಣ್ಣ ಬಂದಾಗ ಉಸ್ತಾದರು ಅವನನ್ನು ಬೆಂಚಿಗೆ ಅಟ್ಟಲಿಲ್ಲ, ಎದ್ದು ನಿಂತರು. ಅದು ತಿಮ್ಮಣ್ಣನ ರೈಫಲ್. ಪರಮಣ್ಣನ ತಂದೆ ತಿಮ್ಮಣ್ಣನ ಹೆಸರು ಕೇಳದವರು ಆ ಸೀಮೆಯಲ್ಲಿ ಇರಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ದಾಟುವಂಥ ಆಳು, ಕತ್ತಲಲ್ಲೂ ಗುರಿ ತಪ್ಪದವನು ಎಂದು ಮಾತು.

ಉಸ್ತಾದರು ಮೊದಲು ಬಂದೂಕಿನ ಕುದುರೆ ಬಿಚ್ಚಿದರು. ಅದರ ಸ್ಪ್ರಿಂಗು, ಕೊಂಡಿ, ಎರಡೂ ಗಟ್ಟಿ. ಗುರಿ ನೋಡುವ ಮಣಿ ವಾಲಿದೆ ಎಂದು ಅದನ್ನು ತಟ್ಟಿ ಕೂರಿಸಿದರು. ಗುಡ್ಡದ ಹಿಂದೆ ಬಂಡೆಗೆ ಸುಣ್ಣದ ಬೊಟ್ಟಿಟ್ಟು ಹೊಡೆದರೆ ಗುಂಡು ಮತ್ತೆ ಬಲಕ್ಕೆ. ಹೆಗಲಿಗೆ ಆನಿಸುವ ಮರದ ಕುಂಡೆ ತಿರುಚಿದೆ ಎಂದು ಅದನ್ನೂ ಬಿಗಿದರು. ಮತ್ತೆ ಬಲಕ್ಕೆ. ಎರಡು ದಿನ ಊಟ ಸೇರಲಿಲ್ಲ ಅವರಿಗೆ.

ನನಗೆ ಬಾಯಿ ತಡೆಯಲಿಲ್ಲ. "ಉಸ್ತಾದ್ರ, ಅದರ ಬಾಯಿ ಒಂದು ಕಡೆ ತಿಂದಂಗ ಕಾಣ್ತದಲ್ರಿ."

"ನೀ ನಿನ್ನ ಟ್ಯೂಬ್ ನೋಡ್ಕೋ."

ಬೈದರು, ಆದರೆ ಬೆರಳು ನಳಿಗೆಯ ಬಾಯಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ನಿಂತಿತು. ಎಡಗಡೆಯ ಅಂಚು ನುಣ್ಣಗೆ ಸವೆದು ತಗ್ಗು ಬಿದ್ದಿತ್ತು. ಗುಂಡು ಹೊರಗೆ ಬರುವಾಗ ಹೊಗೆ ಆ ತಗ್ಗಿನಿಂದ ಮೊದಲು ನುಗ್ಗಿ ಗುಂಡನ್ನು ಬಲಕ್ಕೆ ದೂಡುತ್ತದೆ ಎಂದು ನನಗೆ ಬಿಡಿಸಿ ಹೇಳಿದರು. ಮದ್ದು ಗಿಡಿಯುವ ಕಬ್ಬಿಣದ ಗಜ ಉಜ್ಜಿ ಉಜ್ಜಿ ಆದ ಸವಕಳಿ ಅದು.

"ಎತ್ತರದ ಮನಷ್ಯಾ ಗಜ ನೆಟ್ಟಗ ಇಳಸ್ತಾನ. ಗಿಡ್ಡ ಇದ್ದವರು ಬಂದೂಕ ವಾಲಿಸಿ ತಳ್ಳಬೇಕು, ಆಗ ಅಂಚು ಸವೀತದ. ಅದೂ ಎಡಗಡಿ. ಇದು ಗಿಡ್ಡ ಮನಷ್ಯಾರ ಎಡಗೈ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಾ ತಿಮ್ಮಣ್ಣನ ಕಥಿ ಮೊದಲ ಕೇಳಿದ್ದೆ. ಅದಕ್ಕ ಕಬ್ಬಿಣದ ಮಾತು ಕೇಳಲಿಲ್ಲ. ತಪ್ಪು ನಂದು."

ಸಂಜೆ ಪರಮಣ್ಣ ಬಂದಾಗ ಉಸ್ತಾದರು ಕೇಳಿದ್ದು ಒಂದೇ ಮಾತು. "ನಿಮ್ಮ ಮನ್ಯಾಗ ಎಡಗೈ ಯಾರದು?"

ಪರಮಣ್ಣ ನಕ್ಕ. "ನಮ್ಮ ದುರಗಮ್ಮತ್ತಿ ಒಬ್ಬಾಕೀದು. ಎಡಗೈಲೆ ರೊಟ್ಟಿ ಬಡೀತಾಳ. ಯಾಕ್ರಿ?"

ಉಸ್ತಾದರು ರೈಫಲನ್ನು ಗೋಣಿಯಲ್ಲಿ ಸುತ್ತಿದರು. ಮರುದಿನ ಬೆಳಿಗ್ಗೆ ನಾನೂ ಅಂಗಡಿ ಮುಚ್ಚಿ ಅವರ ಜೊತೆ ಹೊರಟೆ. ಇಂಥದ್ದನ್ನು ಬಿಟ್ಟು ಯಾರಾದರೂ ಪಂಕ್ಚರ್ ಹಾಕುತ್ತ ಕೂರುತ್ತಾರೆಯೇ?

ದುರಗಮ್ಮ ತಿಮ್ಮಣ್ಣನ ತಂಗಿ. ಗಂಡ ಸತ್ತ ಮೇಲೆ ಎಳೆಯ ವಯಸ್ಸಿನಲ್ಲೇ ತವರಿಗೆ ಬಂದವಳು. ಗೇಣುದ್ದದ ಮುದುಕಿ, ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದಳು. ಉಸ್ತಾದರು ರೈಫಲ್ ಮುಂದಿಟ್ಟ ಕೂಡಲೇ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಆ ಮನೆಯಲ್ಲಿ ಹೆಣ್ಣುಮಕ್ಕಳು ಬಂದೂಕು ಮುಟ್ಟುವಂತಿರಲಿಲ್ಲ. ಮಹಾನವಮಿಯಲ್ಲಿ ಆಯುಧಗಳಿಗೆ ಖಂಡೆ ಪೂಜೆ ಮಾಡುವ ದಿನ ಬಂದೂಕು ಇಟ್ಟ ಕೋಣೆಗೂ ಹೋಗುವಂತಿರಲಿಲ್ಲ.

"ಅವ್ವ, ಇದರ ಗುಂಡು ಬಲಕ್ಕ ಹೋಗಾಕತ್ತದ," ಎಂದರು ಉಸ್ತಾದರು.

"ಎಡಕ್ಕ ಒಂದೀಟು ಸರಿಸಿ ಹಿಡೀಬೇಕಪ್ಪ," ಎಂದಳು ಅವಳು, ಸಾರಿಗೆ ಉಪ್ಪು ಎಷ್ಟೆಂದು ಹೇಳುವ ಹಾಗೆ. ಹೇಳಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ಪರಮಣ್ಣ ಅವಳ ಕಡೆ ತಿರುಗಿದ. "ನಿನಗ ಹ್ಯಾಂಗ ಗೊತ್ತು ಅತ್ತಿ?"

ಮುದುಕಿ ಮೊರವನ್ನು ಪಕ್ಕಕ್ಕಿಟ್ಟಳು. "ನಿಮ್ಮಪ್ಪಗ ಹೊತ್ತು ಮುಣಗಿದ್ರ ಕಣ್ಣು ಕಾಣ್ತಿರಲಿಲ್ಲ. ಹಂದಿ ಹಗಲೊತ್ತು ಬರ್ತಾವೇನು? ಕೈ ಹಿಡದು ಕರಕೊಂಡು ಹೋಗಾಕಿ ನಾ, ತುಂಬಾಕಿ ನಾ, ಹೊಡ್ಯಾಕಿ ನಾ. ಬೆಳಗಾದ ಮ್ಯಾಲ ಹೆಗಲಿಗಿ ಹಾಕ್ಕೊಂಡು ಊರಾಗ ಬರಾಂವ ಅವ."

"ಯಾಕ ಹೇಳಲಿಲ್ಲ ಇಷ್ಟು ದಿನ?"

"ಇರುಳಗಣ್ಣಿನವಗ ಯಾರು ಹೆಣ್ಣು ಕೊಡ್ತಿದ್ರೋ? ನೀ ಹುಟ್ಟತಿದ್ದೇನು?"

ನನಗೆ ನಗು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಒಂದು ಸೀಮೆಯೇ ಹೊಗಳಿದ ಗುರಿ ಈ ಮುದುಕಿಯದು, ಹೊಗಳಿಕೆ ಮಾತ್ರ ಅಣ್ಣನದು.

ಉಸ್ತಾದರು ನೆಲ ನೋಡುತ್ತ ಹೇಳಿದರು, "ಬಾಯಿ ಎರಡು ಬೆರಳು ಕೊಯ್ದು ಸಾಪು ಮಾಡಿದ್ರ ಗುಂಡು ನೆಟ್ಟಗ ಹೋಗ್ತದ. ಆದ್ರ ಅವ್ವ, ನೀ ಹೊಡದೀ ಅನ್ನಾಕ ಇರೂ ಗುರುತು ಅದೊಂದ. ಅದು ಹೋಗ್ತದ."

"ಕೊಯ್ಯೋದು ಬ್ಯಾಡ್ರಿ. ಠಾಣಾಕ ಕೊಟ್ಟು ಬರ್ತೀನಿ," ಎಂದ ಪರಮಣ್ಣ.

"ಹುಚ್ಚ ಅದೀಯೇನು?" ಎಂದಳು ದುರಗಮ್ಮ. "ಹೊಲದಾಗ ನೆಲ್ಲು ನಿಂತಾವ. ಕೊಯ್ಯಪ್ಪ ಉಸ್ತಾದ."

ಕೆಲಸ ತೀರ್ಮಾನವಾಯಿತು ಎಂದು ನಾವು ಎದ್ದೆವು. ಪರಮಣ್ಣ ಮಾತ್ರ ಕದಲಲಿಲ್ಲ. ರೈಫಲ್ ಎತ್ತಿ ಅತ್ತೆಯ ಕೈಗೆ ಕೊಟ್ಟ.

ಅವಳು ಅವನ ಮುಖ ನೋಡಿದಳು, ಆಮೇಲೆ ಎದ್ದು ನಿಂತಳು. ಕುಂಡೆ ತಾನಾಗಿಯೇ ಎಡಹೆಗಲಿಗೆ ಹೋಗಿ ಕುಳಿತಿತು. ನಳಿಗೆ ಮಾತ್ರ ಮೇಲೇಳಲಿಲ್ಲ. ಪರಮಣ್ಣ ನಳಿಗೆಯ ಕೆಳಗೆ ಅಂಗೈ ಕೊಟ್ಟು ಎತ್ತಿದ. ಒಂದು ಕಣ್ಣು ಮುಚ್ಚಿ, ಗದ್ದೆಯ ಕಡೆ ನೋಡಿ, ಅವಳು ನಳಿಗೆಯನ್ನು ಸ್ವಲ್ಪ ಎಡಕ್ಕೆ ಸರಿಸಿದಳು.

"ಇಷ್ಟು ವಜ್ಜ ಇರಲಿಲ್ಲಲ್ಲೋ ಇದು," ಎಂದಳು ಉಸ್ತಾದರ ಕಡೆ ತಿರುಗದೆ. "ಏನರ ಹೊಸಾದು ಕೂಡಿಸೀಯೇನು?"

"ಇಲ್ಲವ್ವ," ಎಂದರು ಮನ್ಸೂರಅಲಿ. "ಎಲ್ಲಾ ಆವಾಗಿನದ ಅದ."